ಹಲವು ದಿನದ ಟ್ರೆಕ್ಕಿಂಗ್‌ಗೆ ಯಾವ ಬ್ಯಾಗು? ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಮುಗಿದು ಬಿಸಿಲು ಸ್ವಲ್ಪ ತಗ್ಗಿತೆಂದರೆ ಈ ಪ್ರಶ್ನೆಗಳು ಶುರುವಾಗುತ್ತವೆ. ಬಳ್ಳಾರಿಯ ಕಾಲೇಜು ಹುಡುಗರು, ಗಂಗಾವತಿಯ ಮೇಷ್ಟ್ರುಗಳು, ಸಿಂಧನೂರಿನ ಅಕ್ಕಂದಿರು, ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರು, ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವನ್ನೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಒಳಗಿನ ವಿಷಯ ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ನಡೆಯುತ್ತದೆ.

## ಮೊದಲ ಸಲ ಹೊರಟವರು ಕೇಳುವುದು

ಮನ್ಯಾಗ ಕಾಲೇಜ್ ಬ್ಯಾಗ್ ಐತಿ. ಅದನ್ನ ತಗೊಂಡು ಹೋದ್ರ ನಡೆಯಲ್ಲೇನ್ರಿ?

ಒಂದು ದಿನದ ಓಡಾಟಕ್ಕೆ ಧಾರಾಳವಾಗಿ ನಡೆಯುತ್ತದೆ. ಆನೆಗೊಂದಿಯ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯೋಕೆ, ಹಿರೇಬೆಣಕಲ್ಲಿನ ಮೊರ್ಯರ ಗುಡ್ಡಕ್ಕೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ ಬರೋಕೆ ಹೊಸ ಬ್ಯಾಗು ಕೊಳ್ಳುವುದು ದುಡ್ಡು ದಂಡ. ನೀರು, ಬುತ್ತಿ, ಟೋಪಿ, ಒಂದು ತೆಳು ಜಾಕೆಟ್ ಹಿಡಿದರೆ ಮುಗಿಯಿತು.

ರಾತ್ರಿ ಉಳಿಯುವ ಟ್ರೆಕ್ಕಿಂಗ್ ಆದರೆ ಮಾತು ಬೇರೆ. ಕಾಲೇಜ್ ಬ್ಯಾಗಿಗೆ ಭುಜದ ಪಟ್ಟಿ ಎರಡೇ. ತೂಕವೆಲ್ಲ ಹೆಗಲ ಮೇಲೆ ನೇತಾಡುತ್ತದೆ. ಐದಾರು ಕೆ.ಜಿ.ವರೆಗೆ ಹೇಗೋ ತಡೆಯಬಹುದು. ಅದು ಹತ್ತಾದರೆ ಮೊದಲ ದಿನ ಸಂಜೆಗೇ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಟ್ರೆಕ್ಕಿಂಗ್ ಬ್ಯಾಗಿಗೆ ಬೆನ್ನಿನ ಕಡೆ ಗಟ್ಟಿ ಫ್ರೇಮ್ ಇರುತ್ತದೆ, ಕೆಳಗೆ ದಪ್ಪನೆಯ ಸೊಂಟದ ಪಟ್ಟಿ ಇರುತ್ತದೆ. ತೂಕ ಫ್ರೇಮಿನ ಮೂಲಕ ಇಳಿದು ಸೊಂಟದ ಮೂಳೆಯ ಮೇಲೆ ಕೂರುತ್ತದೆ. ನಮ್ಮ ಹೆಣ್ಣುಮಕ್ಕಳು ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ಮೈಲಿಗಟ್ಟಲೆ ನಡೆಯುತ್ತಾರಲ್ಲ, ಅದೇ ಲೆಕ್ಕ. ಮುಕ್ಕಾಲು ಭಾರ ಸೊಂಟಕ್ಕೆ, ಉಳಿದದ್ದು ಹೆಗಲಿಗೆ. ಬೇರೆ ಯಾವ ಸೌಕರ್ಯ ಇಲ್ಲದಿದ್ದರೂ ಪರವಾಗಿಲ್ಲ, ಇದೊಂದು ಇರಲೇಬೇಕು.

ಎಷ್ಟು ಲೀಟರ್ ಬ್ಯಾಗ್ ತಗೋಬೇಕು ಅಣ್ಣಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಲೀಟರ್ ಎಂದರೆ ಬ್ಯಾಗಿನೊಳಗೆ ಎಷ್ಟು ಜಾಗ ಇದೆ ಎಂಬ ಲೆಕ್ಕ ಅಷ್ಟೇ, ಅದು ಎಷ್ಟು ತೂಕ ತಡೆಯುತ್ತದೆ ಎಂಬುದಲ್ಲ.

ಎರಡು ಮೂರು ದಿನ ಹೋಗಿ, ರಾತ್ರಿ ಯಾರದೋ ಮನೆಯಲ್ಲೋ ಹೋಮ್‌ಸ್ಟೇಯಲ್ಲೋ ಮಲಗಿ, ಊಟ ಅಲ್ಲೇ ಸಿಗುವುದಾದರೆ 35ರಿಂದ 45 ಲೀಟರ್ ಸಾಕು. ಕುದುರೆಮುಖ, ಕುಮಾರಪರ್ವತದ ಕಡೆ ಹೋಗುವವರಲ್ಲಿ ಹೆಚ್ಚಿನವರದು ಇದೇ ಲೆಕ್ಕ. ಹಿಮಾಲಯದ ಕಡೆ ಐದಾರು ದಿನದ ಟ್ರೆಕ್, ಟೆಂಟು ಮತ್ತು ಊಟ ಕರೆದುಕೊಂಡು ಹೋಗುವವರದ್ದೇ ಎಂದರೆ 50ರಿಂದ 60. ಟೆಂಟು, ಸ್ಟೌವ್, ಮಲಗುವ ಚೀಲ, ಊಟದ ಸಾಮಾನು ಎಲ್ಲ ನೀವೇ ಹೊರುವುದಾದರೆ 60ರಿಂದ 70. ಅದಕ್ಕಿಂತ ದೊಡ್ಡದು ಬೇಕಾಗುವುದು ಅಪರೂಪ.

ಎರಡು ಅಳತೆಯ ನಡುವೆ ತೂಗಾಡುತ್ತಿದ್ದರೆ ಚಿಕ್ಕದನ್ನು ತಗೊಳ್ಳಿ. ಜಾಗ ಇದ್ದರೆ ಕೈ ಸುಮ್ನಿರುವುದಿಲ್ಲ. ಇದೊಂದು ಶರ್ಟು, ಅದೊಂದು ಚಾದರ ಅಂತ ತುಂಬುತ್ತಲೇ ಹೋಗುತ್ತದೆ. ಇನ್ನೊಂದು ಮಾತು: ಬ್ಯಾಗನ್ನು ಕೊನೆಗೆ ಕೊಳ್ಳಿ. ಮೊದಲು ಸಾಮಾನೆಲ್ಲ ಒಟ್ಟು ಮಾಡಿ, ಮಂಚದ ಮೇಲೆ ಹರಡಿ ನೋಡಿ. ಎಷ್ಟು ಜಾಗ ಬೇಕೆಂದು ಆಗ ತಾನಾಗಿಯೇ ಗೊತ್ತಾಗುತ್ತದೆ.

ನಾವು ಶ್ರೀಶೈಲಕ್ಕೆ ಪಾದಯಾತ್ರೆ ಹೋಗೋರು. ನಮಗೂ ಟ್ರೆಕ್ಕಿಂಗ್ ಬ್ಯಾಗ್ ಬೇಕೇನ್ರೀ?

ದೊಡ್ಡದು ಬೇಡ. ಯುಗಾದಿ ಮುಂಚೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ಸಾವಿರಾರು ಜನ ನಡೆಯುತ್ತಾರೆ, ದಾರಿಯುದ್ದಕ್ಕೂ ದಾಸೋಹ ಇರುತ್ತದೆ, ಊಟ ಹೊರುವ ಪ್ರಶ್ನೆ ಇಲ್ಲ. ಒಂದು ಜೊತೆ ಬಟ್ಟೆ, ಟವೆಲ್, ಹೊದಿಕೆ, ಟಾರ್ಚು, ಕಾಲಿಗೆ ಹಚ್ಚುವ ಮುಲಾಮು, ನೀರು. 25ರಿಂದ 30 ಲೀಟರಿನ ಬ್ಯಾಗು ಧಾರಾಳ.

ಆದರೆ ಹೆಗಲಿಗೆ ಒಂದೇ ಪಟ್ಟಿಯ ಜೋಳಿಗೆ, ಕೈಯಲ್ಲಿ ಹಿಡಿಯುವ ಏರ್‌ಬ್ಯಾಗು ಬೇಡವೇ ಬೇಡ. ಒಂದೇ ಕಡೆ ಭಾರ ಬಿದ್ದರೆ ನಡೆಯುವ ರೀತಿಯೇ ವಾಲುತ್ತದೆ, ಆ ಕಡೆಯ ಪಾದಕ್ಕೆ ಬೊಬ್ಬೆ ಬರುತ್ತದೆ. ಚಿಕ್ಕ ಬ್ಯಾಗಾದರೂ ಎದೆ ಪಟ್ಟಿ, ಸೊಂಟಕ್ಕೆ ಒಂದು ತೆಳು ಪಟ್ಟಿ ಇರುವುದನ್ನೇ ನೋಡಿ. ನಲ್ಲಮಲ ಕಾಡಿನೊಳಗೆ ಏರಿಳಿತ ಜಾಸ್ತಿ. ಭೀಮನಕೊಳ್ಳದಲ್ಲಿ ಇಳಿದು ಕೈಲಾಸದ್ವಾರಕ್ಕೆ ಹತ್ತುವಾಗ ಬ್ಯಾಗು ಅಲ್ಲಾಡದೆ ಬೆನ್ನಿಗೆ ಅಂಟಿಕೊಂಡಿರಬೇಕು. ಹಿರಿಯರು ಜೊತೆಯಲ್ಲಿದ್ದರೆ ಅವರ ಹೊದಿಕೆಯನ್ನೂ ಗುಂಪಿನ ಹುಡುಗರೇ ಹೊರುವಂತೆ ಮೊದಲೇ ಹಂಚಿಕೊಳ್ಳಿ.

ಎಷ್ಟು ಕೆ.ಜಿ. ಹೊರಬಹುದು?

ನಿಮ್ಮ ತೂಕದ ಐದರಲ್ಲಿ ಒಂದು ಪಾಲು. 55 ಕೆ.ಜಿ. ಇರುವವರಿಗೆ 11 ಕೆ.ಜಿ., 70 ಇರುವವರಿಗೆ 14. ಇದರಲ್ಲಿ ನೀರು, ಊಟ, ಬ್ಯಾಗಿನ ಸ್ವಂತ ತೂಕ ಎಲ್ಲ ಸೇರಿದೆ. ಅಭ್ಯಾಸ ಇಲ್ಲದವರು, ಮಂಡಿ ನೋವಿರುವವರು ಇನ್ನೂ ಕಡಿಮೆ ಹೊರಬೇಕು. ದೇಹದ ತೂಕ ಜಾಸ್ತಿ ಇದ್ದ ಮಾತ್ರಕ್ಕೆ ಜಾಸ್ತಿ ಹೊರಬಹುದು ಅಂತಲೂ ಅಲ್ಲ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ಕೇಳಿ ತೂಗಿಸಿ, ಯಾರೂ ಬೇಡ ಅನ್ನುವುದಿಲ್ಲ.

## ಅಳತೆ, ಅಂಗಡಿ, ದುಡ್ಡು

ಬೆನ್ನಿನ ಅಳತೆ ಅಂತೀರಲ್ಲ ಸರ್, ಅದನ್ನ ಮನೇಲಿ ತಗೊಳ್ಳೋದು ಹೆಂಗೆ?

ಲೀಟರಿಗಿಂತ ನೂರು ಪಾಲು ಮುಖ್ಯವಾದ ಪ್ರಶ್ನೆ ಇದು. ಕೇಳುವವರು ಮಾತ್ರ ಕಡಿಮೆ. ಚಪ್ಪಲಿಗೆ ಅಳತೆ ನೋಡುತ್ತೇವೆ, ಅಂಗಿಗೆ ನೋಡುತ್ತೇವೆ. ಹತ್ತು ಕೆ.ಜಿ. ಹೊತ್ತು ದಿನಗಟ್ಟಲೆ ನಡೆಯುವ ಬ್ಯಾಗಿಗೆ ನೋಡದೆ ಬಿಟ್ಟರೆ ಹೇಗೆ, ಅಲ್ವಾ?

ದರ್ಜಿಗಳು ಬಳಸುವ ಬಟ್ಟೆಯ ಟೇಪು ಬೇಕು, ಜೊತೆಗೆ ಒಬ್ಬರ ಸಹಾಯ ಬೇಕು. ತಲೆಯನ್ನು ಮುಂದಕ್ಕೆ ಬಾಗಿಸಿ. ಕುತ್ತಿಗೆ ಮತ್ತು ಬೆನ್ನು ಸೇರುವಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಅಲ್ಲಿಂದ ಅಳತೆ ಶುರು. ಆಮೇಲೆ ಎರಡೂ ಕೈಯನ್ನು ಸೊಂಟದ ಮೇಲಿಟ್ಟು, ಪಕ್ಕೆಯ ಕೆಳಗೆ ಬೆರಳಿನಿಂದ ಒತ್ತಿ ನೋಡಿ. ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಪ್ಯಾಂಟು ಕಟ್ಟುವ ಜಾಗವೇ ಇದು ಅಂದುಕೊಳ್ಳಬೇಡಿ, ಈಗಿನ ಜೀನ್ಸ್ ಅದಕ್ಕಿಂತ ಕೆಳಗೆ ಕೂರುತ್ತವೆ. ಹೆಬ್ಬೆರಳು ಬೆನ್ನಿನ ಕಡೆ ಬರುವಂತೆ ಕೈ ಇಟ್ಟರೆ ಎರಡು ಹೆಬ್ಬೆರಳ ನಡುವೆ ಒಂದು ಅಡ್ಡಗೆರೆ ಊಹಿಸಿಕೊಳ್ಳಬಹುದು. ತಲೆ ಎತ್ತಿ ನೆಟ್ಟಗೆ ನಿಂತು, ಕುತ್ತಿಗೆ ಮೂಳೆಯಿಂದ ಆ ಗೆರೆಯವರೆಗೆ ಬೆನ್ನಿನ ಬಾಗಿಗೆ ತಕ್ಕಂತೆ ಟೇಪು ಇಳಿಸಿ. ಬಂದದ್ದೇ ನಿಮ್ಮ ಬೆನ್ನಿನ ಅಳತೆ.

ಸುಮಾರಾಗಿ ಹೇಳುವುದಾದರೆ 15ರಿಂದ 17 ಇಂಚು ಬಂದರೆ ಸ್ಮಾಲ್, 17ರಿಂದ 19 ಮೀಡಿಯಂ, ಅದರ ಮೇಲೆ ಲಾರ್ಜ್. ಕಂಪನಿಯಿಂದ ಕಂಪನಿಗೆ ಒಂದು ಇಂಚು ಆಚೀಚೆ ಆಗುತ್ತದೆ, ಅವರವರ ಅಳತೆಪಟ್ಟಿಯನ್ನೇ ನೋಡಿ. ಎತ್ತರಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಆರಡಿ ಇದ್ದವರಿಗೆ ಕಾಲು ಉದ್ದ, ಬೆನ್ನು ಗಿಡ್ಡ ಇರಬಹುದು. ಐದಡಿ ನಾಲ್ಕಿಂಚಿನವರಿಗೆ ಮೀಡಿಯಂ ಬೇಕಾಗಬಹುದು. ಗೆಳೆಯನಿಗೆ ಹಿಡಿಸಿದ ಬ್ಯಾಗು ನಿಮಗೂ ಹಿಡಿಸುತ್ತದೆ ಅನ್ನುವ ಹಾಗಿಲ್ಲ ಅನ್ನುವುದು ಇದಕ್ಕೇ.

ಕೆಲವು ಬ್ಯಾಗುಗಳಲ್ಲಿ ಭುಜದ ಪಟ್ಟಿ ಮೇಲೆ ಕೆಳಗೆ ಸರಿಯುತ್ತದೆ. ಹೊಸದಾಗಿ ಕೊಳ್ಳುವವರಿಗೆ, ಅಣ್ಣ ತಂಗಿ ಹಂಚಿಕೊಂಡು ಬಳಸುವ ಮನೆಗೆ ಇಂಥದ್ದೇ ಒಳ್ಳೆಯದು.

ಅಂಗಡೀಲಿ ಹಾಕ್ಕೊಂಡು ನೋಡುವಾಗ ಏನೇನು ನೋಡಬೇಕು?

ಖಾಲಿ ಬ್ಯಾಗು ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಏನೂ ಗೊತ್ತಾಗುವುದಿಲ್ಲ. ಎಂಟು ಹತ್ತು ಕೆ.ಜಿ. ತುಂಬಿಸಿ. ದೊಡ್ಡ ಅಂಗಡಿಗಳಲ್ಲಿ ಇದಕ್ಕೆಂದೇ ಮರಳಿನ ಚೀಲ ಇರುತ್ತವೆ. ಇಲ್ಲದಿದ್ದರೆ ಅಲ್ಲಿರುವ ಡಂಬೆಲ್ಲನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟರೂ ಆಯಿತು.

ಹಾಕಿಕೊಳ್ಳುವುದಕ್ಕೆ ಒಂದು ಕ್ರಮ ಇದೆ. ಮೊದಲು ಎಲ್ಲ ಪಟ್ಟಿ ಸಡಿಲಿಸಿ. ಬ್ಯಾಗು ಹೊತ್ತು, ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಅಂಚಿನ ಮೇಲೆ ಬರುವ ಹಾಗೆ ಕೂರಿಸಿ, ಬಕಲ್ ಹಾಕಿ ಬಿಗಿ ಮಾಡಿ. ಹೊಟ್ಟೆ ಮೇಲೆ ಅಲ್ಲ, ಮೂಳೆ ಮೇಲೆ. ಇದಾದ ಮೇಲೆ ಭುಜದ ಪಟ್ಟಿ ಎಳೆಯಿರಿ. ಪಟ್ಟಿ ಹೆಗಲನ್ನು ಸುತ್ತಿ ಹಿಂದಕ್ಕೆ ಇಳಿಯಬೇಕು, ನಡುವೆ ಗ್ಯಾಪ್ ಕಾಣಬಾರದು. ಮೂರನೆಯದು, ಭುಜದ ಪಟ್ಟಿಯ ನೆತ್ತಿಯಿಂದ ಬ್ಯಾಗಿನ ತಲೆಗೆ ಹೋಗುವ ಎರಡು ಚಿಕ್ಕ ಪಟ್ಟಿ. ಲೋಡ್ ಲಿಫ್ಟರ್ ಅಂತಾರೆ. ಇವು ಸುಮಾರು 45 ಡಿಗ್ರಿ ಓರೆಯಾಗಿ ಮೇಲಕ್ಕೆ ಹೋಗಬೇಕು. ಅಡ್ಡಡ್ಡ ಮಲಗಿದ್ದರೆ ಬ್ಯಾಗು ನಿಮ್ಮ ಬೆನ್ನಿಗೆ ಚಿಕ್ಕದು. ಕೊನೆಗೆ ಎದೆ ಪಟ್ಟಿ, ಕತ್ತಿನ ಕೆಳಗಿನ ಅಡ್ಡ ಮೂಳೆಗಿಂತ ಒಂದೆರಡು ಇಂಚು ಕೆಳಗೆ. ಉಸಿರು ಎಳೆಯುವಾಗ ಬಿಗಿ ಅನ್ನಿಸಬಾರದು.

ಹಾಗೇ ಹದಿನೈದು ನಿಮಿಷ ಅಂಗಡಿಯಲ್ಲಿ ಓಡಾಡಿ. ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ಬಗ್ಗಿ ಶೂ ಲೇಸು ಕಟ್ಟಿ. ತಲೆ ಎತ್ತಿ ಚಾವಣಿ ನೋಡಿ, ತಲೆ ಬ್ಯಾಗಿಗೆ ಬಡಿಯುತ್ತದಾ? ಕೈ ಹಿಂದಕ್ಕೆ ಚಾಚಿ, ಪಕ್ಕದ ಜೇಬಿನಿಂದ ಬಾಟಲಿ ತೆಗೆಯೋಕೆ ಆಗುತ್ತದಾ? ಮಾರುವವರು ಅವಸರ ಮಾಡಿದರೆ ಆ ಅಂಗಡಿ ಬಿಟ್ಟು ಬನ್ನಿ.

ನಮ್ಮೂರಾಗ ಇಂಥ ಅಂಗಡಿ ಇಲ್ಲ. ಆನ್‌ಲೈನ್‌ನಾಗ ತರಿಸಬಹುದಾ?

ತರಿಸಬಹುದು, ವಾಪಸ್ ಮಾಡುವ ಅವಕಾಶ ಇರುವ ಕಡೆಯಿಂದ ಮಾತ್ರ. ಮೊದಲು ಬೆನ್ನಿನ ಅಳತೆ ತೆಗೆದುಕೊಂಡು ಕಂಪನಿಯ ಅಳತೆಪಟ್ಟಿಗೆ ಹೋಲಿಸಿ. ಬ್ಯಾಗು ಬಂದ ಮೇಲೆ ಟ್ಯಾಗು ಕೀಳಬೇಡಿ. ಐದು ಕೆ.ಜಿ.ಯ ಸೋನಾಮಸೂರಿ ಪೊಟ್ಟಣ ಎರಡನ್ನು ಚಾದರದಲ್ಲಿ ಸುತ್ತಿ ಒಳಗಿಟ್ಟು, ಮನೆಯೊಳಗೇ ಒಂದು ಗಂಟೆ ಹೊತ್ತು ಓಡಾಡಿ. ಮಾಳಿಗೆ ಮೆಟ್ಟಿಲು ಹತ್ತಿ ಇಳಿಯಿರಿ. ಹೊರಗೆ ಧೂಳಿಗೆ ಒಯ್ಯಬೇಡಿ, ಕೊಳೆಯಾದರೆ ವಾಪಸ್ ತಗೊಳ್ಳುವುದಿಲ್ಲ. ಒಂದು ಗಂಟೆಯಲ್ಲಿ ಎಲ್ಲಾದರೂ ಒತ್ತಿದರೆ, ಎಂಟು ಗಂಟೆ ನಡೆದಾಗ ಅಲ್ಲಿ ಗಾಯ ಆಗುವುದು ಖಂಡಿತ. ಮುಲಾಜಿಲ್ಲದೆ ವಾಪಸ್ ಕಳಿಸಿ.

ಬೆಂಗಳೂರಿಗೆ ಹೋಗುವ ಕೆಲಸ ಇದ್ದೇ ಇರುತ್ತದೆ ಅನ್ನುವವರು ಒಂದು ಮಧ್ಯಾಹ್ನ ಇದಕ್ಕೆ ಎತ್ತಿಡಿ. ಹಾಕಿ ನೋಡಿ ಕೊಳ್ಳುವುದಕ್ಕೆ ಸಮ ಯಾವುದೂ ಇಲ್ಲ.

ಹೆಣ್ಣುಮಕ್ಕಳಿಗೆ ಬೇರೆ ಬ್ಯಾಗ್ ಬರ್ತಾವಂತಲ್ಲ, ನಿಜನಾ? ಇಲ್ಲ ಬರೀ ಬಣ್ಣ ಬೇರೆಯಾ?

ಒಳ್ಳೆ ಕಂಪನಿಗಳಲ್ಲಿ ನಿಜವಾಗಿಯೂ ಬೇರೆ ಇರುತ್ತವೆ. ಬೆನ್ನಿನ ಉದ್ದ ಕಡಿಮೆ, ಭುಜದ ಪಟ್ಟಿಗಳ ನಡುವೆ ಅಂತರ ಕಡಿಮೆ, ಪಟ್ಟಿ ಎದೆಯನ್ನು ಒತ್ತದಂತೆ ಬಾಗಿರುತ್ತದೆ. ಸೊಂಟದ ಪಟ್ಟಿಯನ್ನೂ ಅಗಲವಾದ ಸೊಂಟಕ್ಕೆ ಕೂರುವ ಹಾಗೆ ಓರೆಯಾಗಿ ಹೊಲಿದಿರುತ್ತಾರೆ. ಸಣ್ಣ ಮೈಕಟ್ಟಿನ ಗಂಡಸರಿಗೂ ಇವು ಚೆನ್ನಾಗಿ ಕೂರುತ್ತವೆ, ಸಂಕೋಚ ಬೇಡ. ಹಾಗೆಯೇ ಎತ್ತರದ ಅಕ್ಕಂದಿರಿಗೆ ಗಂಡಸರ ಬ್ಯಾಗೇ ಸರಿಹೋಗಬಹುದು. ಮೈಗೆ ಕೂತರೆ ಆಯಿತು.

ಸಾವಿರ ರೂಪಾಯಿಗೂ ಸಿಗ್ತದ, ಹದಿನೈದು ಸಾವಿರಕ್ಕೂ ಅದ. ಅಂಥಾ ವ್ಯತ್ಯಾಸ ಏನದ ಅದರಾಗ?

ಮೊದಲ ವ್ಯತ್ಯಾಸ ಫ್ರೇಮು. ತುಂಬ ಅಗ್ಗದ ಬ್ಯಾಗಿನ ಮೇಲೆ 70 ಲೀಟರ್ ಎಂದು ಬರೆದಿರುತ್ತದೆ, ಒಳಗೆ ಫ್ರೇಮೇ ಇರುವುದಿಲ್ಲ. ಬೆನ್ನಿನ ಭಾಗವನ್ನು ಎರಡು ಕೈಯಲ್ಲಿ ಹಿಡಿದು ಮಡಿಸಿ ನೋಡಿ. ಪುಸ್ತಕದ ರಟ್ಟಿನ ಹಾಗೆ ಮಡಚಿಕೊಂಡರೆ ಅದು ಭಾರ ಹೊರುವ ಬ್ಯಾಗಲ್ಲ.

ಎರಡನೆಯದು ಸೊಂಟದ ಪಟ್ಟಿಯ ಸ್ಪಂಜು. ಹೆಬ್ಬೆರಳಿನಿಂದ ಬಲವಾಗಿ ಚಿವುಟಿ ಬಿಡಿ. ತಕ್ಷಣ ಉಬ್ಬಿ ಬರಬೇಕು. ಬೆರಳು ಆಚೆ ಬದಿಗೆ ತಾಗಿದಂತಾದರೆ ನಾಲ್ಕು ದಿನದಲ್ಲಿ ಚಪ್ಪಟೆ. ಮೂರನೆಯದು ಹೊಲಿಗೆ. ಭುಜದ ಪಟ್ಟಿ ಬ್ಯಾಗಿಗೆ ಸೇರುವ ಜಾಗವನ್ನು ಒಳಗಿನಿಂದ ತಿರುಗಿಸಿ ನೋಡಿ. ಅಲ್ಲಿ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದ ಗಟ್ಟಿ ಗೆರೆ ಇರಬೇಕು. ಜೀನ್ಸ್ ಹೊಲಿಯುವ ಬಳ್ಳಾರಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಜೀನ್ಸಿನ ಬೆಲ್ಟ್ ಲೂಪಿಗೆ ಹಾಕುವ ಬಾರ್‌ಟ್ಯಾಕ್ ಇದೇ. ಬರೀ ಒಂದು ಸಾಲು ಹೊಲಿಗೆ ಓಡಿಸಿದ್ದರೆ ಬೇಡ ಅನ್ನಿ.

ಉಳಿದದ್ದು ಜಿಪ್ಪು ಮತ್ತು ಬಕಲ್. ಜಿಪ್ಪನ್ನು ಒಂದೇ ಕೈಯಲ್ಲಿ ಮೂಲೆ ತಿರುಗಿಸಿ ಎಳೆದರೆ ಸಿಕ್ಕಿಕೊಳ್ಳಬಾರದು.

ಈ ನಾಲ್ಕೂ ಸರಿ ಇದ್ದರೆ ಮಧ್ಯಮ ಬೆಲೆಯ ಬ್ಯಾಗು ವರ್ಷಗಟ್ಟಲೆ ಬಾಳುತ್ತದೆ. ತೀರಾ ದುಬಾರಿ ಬ್ಯಾಗಿನಲ್ಲಿ ನೀವು ದುಡ್ಡು ಕೊಡುವುದು ಕಡಿಮೆ ತೂಕಕ್ಕೆ, ಗಾಳಿಯಾಡುವ ಬೆನ್ನಿಗೆ, ಹೆಸರಿಗೆ. ಮೊದಲ ಬ್ಯಾಗಿಗೆ ಅಷ್ಟು ಹಾಕುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಉಳಿದ ದುಡ್ಡನ್ನು ಒಳ್ಳೆಯ ಶೂಗೆ ಹಾಕಿ.

ವರ್ಷಕ್ಕೊಂದು ಸಲ ಹೋಗೋದು. ಬಾಡಿಗೆಗೆ ತಗೊಂಡ್ರೆ?

ಒಳ್ಳೆಯ ಉಪಾಯ. ಬೆಂಗಳೂರಲ್ಲೂ, ಹಿಮಾಲಯದ ಟ್ರೆಕ್ ಶುರುವಾಗುವ ಊರುಗಳಲ್ಲೂ ಬಾಡಿಗೆಗೆ ಸಿಗುತ್ತವೆ. ನಿಮ್ಮ ಅಳತೆಯದ್ದು ಇದೆಯಾ ಎಂದು ಮೊದಲೇ ಕೇಳಿ, ಕೈಗೆ ಬಂದ ತಕ್ಷಣ ಬಕಲ್‌ಗಳನ್ನೆಲ್ಲ ಹಾಕಿ ತೆಗೆದು ನೋಡಿ.

## ತುಂಬುವುದು, ಹೊರುವುದು

ಯಾವ ಸಾಮಾನು ಎಲ್ಲಿ ಇಡಬೇಕು?

ತಳದಲ್ಲಿ ಮಲಗುವ ಚೀಲ, ರಾತ್ರಿಯವರೆಗೆ ಬೇಕಾಗದ ಬಟ್ಟೆ. ನಡುವೆ, ಬೆನ್ನಿಗೆ ಅಂಟಿಕೊಂಡಂತೆ, ಅತಿ ಭಾರದ ಸಾಮಾನು: ಊಟದ ಚೀಲ, ಅಡುಗೆ ಪಾತ್ರೆ, ಪವರ್ ಬ್ಯಾಂಕ್. ಅದರ ಆಚೆ, ಹೊರಮೈ ಕಡೆಗೆ ಹಗುರದ ಬಟ್ಟೆ. ಮೇಲೆ ಜಾಕೆಟ್, ಮಳೆ ಅಂಗಿ, ಔಷಧಿ. ಭಾರ ಬೆನ್ನಿನಿಂದ ದೂರ ಹೋದಷ್ಟೂ ಬ್ಯಾಗು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ನೀವು ಮುಂದಕ್ಕೆ ಬಗ್ಗಿ ನಡೆಯುತ್ತೀರಿ, ಸಂಜೆಗೆ ಸೊಂಟ ಹಿಡಿಯುತ್ತದೆ.

ನಮ್ಮ ಊಟದ ಬಗ್ಗೆ ಒಂದು ಮಾತು. ಖಡಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ ಟ್ರೆಕ್ಕಿಂಗ್‌ಗೆ ಹೇಳಿ ಮಾಡಿಸಿದ ಊಟ. ಹಗುರ, ಕೆಡುವುದಿಲ್ಲ, ಒಲೆ ಹಚ್ಚಬೇಕಾಗಿಲ್ಲ. ತೊಂದರೆ ಒಂದೇ, ಬ್ಯಾಗಿನಲ್ಲಿ ಪುಡಿಪುಡಿ ಆಗುತ್ತದೆ. ಮಾಡಿಸುವಾಗಲೇ ಚಿಕ್ಕದಾಗಿ, ಅಂಗೈ ಅಗಲಕ್ಕೆ ಬಡಿಯಲು ಹೇಳಿ. ಒಂದರ ಮೇಲೊಂದು ಪೇರಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಚಪ್ಪಟೆ ಡಬ್ಬಿಯಲ್ಲಿಟ್ಟು ಬೆನ್ನಿನ ಕಡೆಗೆ ನಿಲ್ಲಿಸಿದರೆ ಮೂರನೇ ದಿನವೂ ಇಡಿಯಾಗಿ ಬರುತ್ತದೆ. ಮಂಡಕ್ಕಿ ಮಾತ್ರ ಬೇಡ. ತೂಕ ಇಲ್ಲ ನಿಜ, ಆದರೆ ಅರ್ಧ ಬ್ಯಾಗು ಅದೇ ತಿನ್ನುತ್ತದೆ.

ಹೊರಗೆ ಏನನ್ನೂ ನೇತು ಹಾಕಬೇಡಿ. ಚಪ್ಪಲಿ, ಲೋಟ, ಬಾಳೆಹಣ್ಣಿನ ಕವರು ಕಟ್ಟಿಕೊಂಡು ಹೊರಡುವವರನ್ನು ನೋಡುತ್ತಿರುತ್ತೇನೆ. ಮುಳ್ಳುಕಂಟಿಗೆ ಸಿಕ್ಕಿಕೊಳ್ಳುತ್ತದೆ. ಅಂಜನಾದ್ರಿ, ಹಂಪಿ ಕಡೆಯಾದರೆ ಪ್ಲಾಸ್ಟಿಕ್ ಕವರಿನ ಸದ್ದಿಗೇ ಕೋತಿಗಳು ಬ್ಯಾಗಿನ ಮೇಲೆ ಹಾರುತ್ತವೆ.

ನಮ್ಮ ಕಡೆ ಬಿಸಿಲು ಹಿಂಗೈತಿ. ನೀರು ಎಷ್ಟು, ಎಲ್ಲಿ ಇಡಬೇಕು?

ಚಳಿ ದೇಶದವರು ಬರೆದ ಸಲಹೆ ಓದಿಕೊಂಡು ಸಂಡೂರಿನ ಗುಡ್ಡಕ್ಕೆ ಹೊರಡಬೇಡಿ. ಅವರಿಗೆ ಬ್ಯಾಗಿನ ಭಾರವೆಂದರೆ ಬೆಚ್ಚನೆ ಬಟ್ಟೆ. ನಮಗೆ ನೀರು. ಒಂದು ಲೀಟರ್ ನೀರು ಒಂದು ಕೆ.ಜಿ., ಇದರಲ್ಲಿ ರಿಯಾಯಿತಿ ಇಲ್ಲ. ನವೆಂಬರಿನಿಂದ ಫೆಬ್ರವರಿವರೆಗಿನ ತಂಪಿನಲ್ಲೂ ಹಗಲಿಡೀ ನಡೆಯುವುದಾದರೆ ಒಬ್ಬೊಬ್ಬರಿಗೆ ಮೂರು ಲೀಟರ್ ಲೆಕ್ಕ ಹಾಕಿ. ದಾರಿಯಲ್ಲಿ ನೀರು ಸಿಗುವ ಜಾಗ ಖಾತ್ರಿ ಇದ್ದರೆ ಮಾತ್ರ ಕಡಿಮೆ ಮಾಡಿ. ಮಾರ್ಚ್‌ನಿಂದ ಮೇವರೆಗೆ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುತ್ತದೆ. ಬಂಡೆಗಳು ಸಂಜೆಯವರೆಗೂ ಕಾವು ಬಿಡುತ್ತವೆ. ಆಗ ಇಡೀ ದಿನದ ನಡಿಗೆಯನ್ನೇ ಇಟ್ಟುಕೊಳ್ಳಬೇಡಿ.

ಇದರಿಂದ ಬ್ಯಾಗಿನ ಆಯ್ಕೆಯೂ ಬದಲಾಗುತ್ತದೆ. ಎರಡೂ ಪಕ್ಕದಲ್ಲಿ ಒಂದೊಂದು ಲೀಟರಿನ ಬಾಟಲಿ ಹಿಡಿಯುವ ಆಳವಾದ ಜೇಬು ಬೇಕು. ಬ್ಯಾಗು ತುಂಬಿದಾಗಲೂ ಆ ಜೇಬು ಬಿಚ್ಚಿಕೊಳ್ಳಬೇಕು. ಎಷ್ಟೋ ಬ್ಯಾಗುಗಳಲ್ಲಿ ಒಳಗೆ ತುಂಬಿದರೆ ಹೊರಗಿನ ಜೇಬು ಬಿಗಿದು ಹೋಗುತ್ತದೆ. ಮೂರನೇ ಲೀಟರನ್ನು ಒಳಗೆ, ಬೆನ್ನಿನ ಹತ್ತಿರ ಇಡಿ. ಒಂದು ಪಕ್ಕದ ಬಾಟಲಿ ಪೂರ್ತಿ ಕುಡಿದು ಇನ್ನೊಂದನ್ನು ಹಾಗೇ ಬಿಟ್ಟರೆ ಬ್ಯಾಗು ವಾಲುತ್ತದೆ, ಎರಡರಿಂದಲೂ ಸರದಿ ಮೇಲೆ ಕುಡಿಯಿರಿ.

ಕೊಳವೆಯಿಂದ ಹೀರುವ ನೀರಿನ ಚೀಲ ಬಳಸುವವರೂ ಇದ್ದಾರೆ. ನಡೆಯುತ್ತಲೇ ಗುಟುಕು ಗುಟುಕಾಗಿ ಕುಡಿಯಬಹುದು, ಅದು ಒಳ್ಳೆಯದು. ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಅದು ಅಪಾಯ. ಅದನ್ನು ಒಯ್ದರೂ ಜೊತೆಗೆ ಒಂದು ಬಾಟಲಿ ಇರಲಿ.

ಮಲೆನಾಡಿಗೆ ಹೊಂಟೀವಿ. ರೇನ್ ಕವರ್ ಸಾಕಲ್ಲ?

ಸಾಲದು. ನಮ್ಮ ಕಡೆಯ ಮಳೆ ನೋಡಿದವರಿಗೆ ಪಶ್ಚಿಮ ಘಟ್ಟದ ಮಳೆಯ ಅಂದಾಜು ಸಿಗುವುದಿಲ್ಲ. ರೇನ್ ಕವರ್ ಬ್ಯಾಗಿನ ಹೊರಮೈಯನ್ನು ಮುಚ್ಚುತ್ತದೆ, ಬೆನ್ನಿನ ಕಡೆ ತೆರೆದೇ ಇರುತ್ತದೆ. ನಿಮ್ಮ ಬೆನ್ನಿನ ಮೇಲೆ ಹರಿದ ನೀರು ಅಲ್ಲಿಂದ ಒಳಗೆ ಇಳಿಯುತ್ತದೆ. ಜೋರು ಗಾಳಿಗೆ ಕವರೇ ಹಾರಿ ಹೋಗುತ್ತದೆ.

ಬ್ಯಾಗಿನ ಒಳಗೆ ಒಂದು ದಪ್ಪನೆಯ ದೊಡ್ಡ ಪ್ಲಾಸ್ಟಿಕ್ ಚೀಲ ಇಳಿಸಿ, ಸಾಮಾನೆಲ್ಲ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಿಸಿ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಒಳಚೀಲದಷ್ಟು ದಪ್ಪ ಇದ್ದರೆ ಸಾಕು. ಹೊಸದನ್ನೇ ತನ್ನಿ, ಗೊಬ್ಬರ ತುಂಬಿದ್ದನ್ನು ತೊಳೆದು ಬಳಸಬೇಡಿ. ಬ್ಯಾಗು ಪೂರ್ತಿ ನೆನೆದರೂ ಒಳಗಿನ ಬಟ್ಟೆ ಒಣಗಿರುತ್ತದೆ. ಅಂದ ಹಾಗೆ, ಜೀನ್ಸ್ ಪ್ಯಾಂಟು ಮನೆಯಲ್ಲೇ ಬಿಡಿ. ನಮ್ಮ ಬಳ್ಳಾರಿಯ ಹೆಮ್ಮೆ ಅದು, ಆದರೆ ನೆನೆದರೆ ಭಾರ, ಒಣಗೋದು ಎರಡು ದಿನ.

ಎರಡನೇ ದಿನಕ್ಕೇ ಹೆಗಲು ಬಿದ್ದು ಹೋಗ್ತದ. ಬ್ಯಾಗ್ ಬದಲಿ ಮಾಡಬೇಕಾ?

ಮೊದಲು ಪಟ್ಟಿ ಸರಿ ಮಾಡಿ ನೋಡಿ. ಹೆಗಲು ನೋವು ಎಂದರೆ ಹೆಚ್ಚಿನ ಸಲ ಸೊಂಟದ ಪಟ್ಟಿ ಕೆಳಗೆ ಜಾರಿದೆ ಎಂದೇ ಅರ್ಥ. ನಿಂತು, ಭುಜದ ಪಟ್ಟಿ ಪೂರ್ತಿ ಸಡಿಲಿಸಿ, ಬ್ಯಾಗನ್ನು ಮೇಲಕ್ಕೆ ಜಿಗಿಸಿ, ಸೊಂಟದ ಪಟ್ಟಿಯನ್ನು ಮತ್ತೆ ಮೂಳೆ ಮೇಲೆ ಬಿಗಿದು, ಆಮೇಲೆ ಉಳಿದದ್ದು. ದಿನಕ್ಕೆ ಹಲವು ಸಲ ಹೀಗೆ ಮಾಡಬೇಕಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ.

ಬೆರಳು ಜೋಮು ಹಿಡಿದರೆ ಭುಜದ ಪಟ್ಟಿ ಅಥವಾ ಎದೆ ಪಟ್ಟಿ ಅತಿ ಬಿಗಿ. ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾದರೆ ಒಳಗಿನ ಪ್ಯಾಂಟಿನ ಬೆಲ್ಟು, ಜೇಬಿನಲ್ಲಿರುವ ಬೀಗದ ಕೈ, ಮೊಬೈಲು ನೋಡಿ. ಟ್ರೆಕ್ಕಿಂಗ್‌ಗೆ ಚರ್ಮದ ಬೆಲ್ಟು ಬೇಡ, ಎಲಾಸ್ಟಿಕ್ ಪ್ಯಾಂಟು ಒಳ್ಳೆಯದು. ಸೊಂಟದ ಕೆಳಭಾಗದ ನೋವು ಇದ್ದರೆ ತುಂಬಿದ ಕ್ರಮ ಬದಲಿಸಿ. ಇಷ್ಟೆಲ್ಲ ಮಾಡಿದ ಮೇಲೂ ನೋವಿದ್ದರೆ ಬ್ಯಾಗಿನ ಅಳತೆಯೇ ನಿಮ್ಮದಲ್ಲ.

## ಸ್ವಲ್ಪ ನಡೆದು ಅನುಭವ ಇದ್ದವರು ಕೇಳುವುದು

ಬೆನ್ನಿಗೆ ಜಾಲರಿ ಇರೋ ಬ್ಯಾಗ್ ನಮ್ಮ ಸೆಕೆಗೆ ಒಳ್ಳೇದಾ?

ಬಿಗಿದ ಜಾಲರಿ ನಿಮ್ಮ ಬೆನ್ನಿಗೂ ಬ್ಯಾಗಿಗೂ ನಡುವೆ ಎರಡು ಬೆರಳು ಗಾಳಿ ಬಿಡುತ್ತದೆ. ಅಂಗಿ ಬೆನ್ನಿಗೆ ಅಂಟುವುದಿಲ್ಲ. ನಮ್ಮ ಬಯಲುಸೀಮೆಗೆ, ಹತ್ತು ಕೆ.ಜಿ. ಒಳಗಿನ ಭಾರಕ್ಕೆ, ನಾನು ಇದನ್ನೇ ಹೇಳುವುದು. ಭಾರ ಜಾಸ್ತಿಯಾದರೆ ಇದರ ದೋಷ ಕಾಣುತ್ತದೆ: ಸಾಮಾನು ಬೆನ್ನಿನಿಂದ ದೂರ ಹೋಗುತ್ತದೆ, ಬಂಡೆ ಹತ್ತುವಾಗ ಹಿಂದಕ್ಕೆ ಜಗ್ಗಿದಂತಾಗುತ್ತದೆ. ಫ್ರೇಮು ಒಳಕ್ಕೆ ಬಾಗಿರುವುದರಿಂದ ತುಂಬುವುದೂ ಕಷ್ಟ. ಹದಿನಾಲ್ಕು ಹದಿನೈದು ಕೆ.ಜಿ. ಹೊತ್ತು ಹಿಮಾಲಯಕ್ಕೆ ಹೋಗುವವರು ಬೆನ್ನಿಗೆ ಅಂಟುವ ಸ್ಪಂಜಿನ ಬ್ಯಾಗನ್ನೇ ನೋಡಿ.

600ಡಿ, 210ಡಿ ಅಂತ ಬರೆದಿರ್ತಾರಲ್ಲ, ಅದೇನು?

ಡೀನಿಯರ್, ಎಂದರೆ ನೂಲಿನ ದಪ್ಪ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಸಂಖ್ಯೆ. 600ಡಿ ದಪ್ಪ, 210ಡಿ ತೆಳು. ದಪ್ಪ ಇದ್ದದ್ದೆಲ್ಲ ಗಟ್ಟಿ ಅಂತಲ್ಲ, ಏಕೆಂದರೆ ನೈಲಾನ್ ನೂಲು ಅದೇ ದಪ್ಪದ ಪಾಲಿಯೆಸ್ಟರಿಗಿಂತ ಸವೆತ ಚೆನ್ನಾಗಿ ತಡೆಯುತ್ತದೆ. ರಿಪ್‌ಸ್ಟಾಪ್ ಬಟ್ಟೆಯಲ್ಲಿ ಚಿಕ್ಕ ಚಿಕ್ಕ ಚೌಕ ಕಾಣುತ್ತವೆ. ಆ ಗೆರೆಗಳಲ್ಲಿ ದಪ್ಪ ನೂಲು ನೇಯ್ದಿರುತ್ತಾರೆ, ಹರಿದರೂ ಹರಕು ಆ ಗೆರೆಗೆ ನಿಲ್ಲುತ್ತದೆ. ನಮ್ಮ ಕಣಶಿಲೆಯ ಬಂಡೆಗಳು ಉಪ್ಪುಕಾಗದದ ಥರ ಉಜ್ಜುತ್ತವೆ, ಕುಳಿತು ಜಾರುವಾಗ ಬ್ಯಾಗಿನ ತಳ ಮೊದಲು ಹೋಗುತ್ತದೆ. ಮೈ ತೆಳುವಾಗಿದ್ದರೂ ತಳಕ್ಕೆ ದಪ್ಪ ಬಟ್ಟೆ ಹಾಕಿರುವ ಬ್ಯಾಗನ್ನು ಆರಿಸಿ.

ಒಂದು ಕೆ.ಜಿ. ಕೂಡ ಇಲ್ಲದ ಅಲ್ಟ್ರಾಲೈಟ್ ಬ್ಯಾಗ್ ತಗೊಳ್ಳಲಾ?

ನಿಮ್ಮ ಉಳಿದ ಸಾಮಾನು ಮೊದಲು ಹಗುರಾಗಲಿ. ಆ ಬ್ಯಾಗುಗಳಲ್ಲಿ ಫ್ರೇಮು ತೀರಾ ತೆಳು, ಅಥವಾ ಇರುವುದೇ ಇಲ್ಲ. ಹತ್ತು ಕೆ.ಜಿ. ದಾಟಿದರೆ ಎರಡು ಕೆ.ಜಿ.ಯ ಗಟ್ಟಿ ಬ್ಯಾಗೇ ಮೈಗೆ ಹಗುರ ಅನ್ನಿಸುತ್ತದೆ. ಮೂರು ನಾಲ್ಕು ಲೀಟರ್ ನೀರು ಹೊರಲೇಬೇಕಾದ ನಮ್ಮ ಗುಡ್ಡಗಳಿಗೆ ಅಲ್ಟ್ರಾಲೈಟ್ ಹೊಂದುವುದಿಲ್ಲ.

ಪಟ್ಟಿ ಕಿತ್ತು ಬಂದೈತಿ, ಜಿಪ್ ಬಿಟ್ಟುಕೊಂಡೈತಿ. ಇಲ್ಲೇ ರಿಪೇರಿ ಆಗ್ತದಾ?

ಬಳ್ಳಾರಿಯಲ್ಲಿ ಇದ್ದುಕೊಂಡು ಈ ಚಿಂತೆಯೇ ಬೇಡ. ಜೀನ್ಸ್ ಹೊಲಿಯುವ ಕೈಗಳು ಊರ ತುಂಬ ಇವೆ. ನಾಲ್ಕು ಪದರ ಡೆನಿಮ್ ತೂರುವ ಮೆಶಿನ್‌ಗೆ ಬ್ಯಾಗಿನ ಪಟ್ಟಿ ದೊಡ್ಡದಲ್ಲ. ಮಾಮೂಲಿ ರವಿಕೆ ಹೊಲಿಯುವ ಮೆಶಿನ್‌ಗೆ ಕೊಟ್ಟರೆ ಸೂಜಿ ಮುರಿಯುತ್ತದೆ. ಕೊಡುವಾಗ ಮೂರು ಮಾತು ಹೇಳಿ: ಹತ್ತಿ ದಾರ ಬೇಡ, ನೈಲಾನ್ ಅಥವಾ ಪಾಲಿಯೆಸ್ಟರ್ ದಪ್ಪ ದಾರ ಹಾಕಿ. 16 ಅಥವಾ 18ನೇ ನಂಬರ್ ಸೂಜಿ ಹಾಕಿ. ಕಿತ್ತು ಬಂದ ಜಾಗದ ಹಿಂದೆ ಒಂದು ಗಟ್ಟಿ ಬಟ್ಟೆಯ ತುಂಡು ಕೊಟ್ಟು, ಅದರ ಮೇಲೆ ಬಾರ್‌ಟ್ಯಾಕ್ ಹಾಕಿ. ಹಳೆಯ ತೂತುಗಳ ಮೇಲೇ ಮತ್ತೆ ಹೊಲಿದರೆ ಅಂಚೆಚೀಟಿಯ ಹಾಗೆ ಹರಿದು ಬರುತ್ತದೆ, ಸ್ವಲ್ಪ ಪಕ್ಕಕ್ಕೆ ಹೊಲಿಯಲು ಹೇಳಿ.

ಜಿಪ್ಪು ಮುಚ್ಚಿದ ಮೇಲೂ ಹಿಂದೆ ಬಿಚ್ಚಿಕೊಳ್ಳುತ್ತಿದ್ದರೆ ಹಲ್ಲು ಹಾಳಾಗಿರುವುದಿಲ್ಲ, ರನ್ನರ್ ಸವೆದು ಅಗಲವಾಗಿರುತ್ತದೆ. ಪಕ್ಕಡದಿಂದ ರನ್ನರಿನ ಎರಡೂ ಬದಿಯನ್ನು ಮೆಲ್ಲಗೆ ಅದುಮಿ ನೋಡಿ. ಆಗದಿದ್ದರೆ ರನ್ನರ್ ಮಾತ್ರ ಬದಲಿಸಿ. ಇಡೀ ಜಿಪ್ಪು ಬಿಚ್ಚಿಸಬೇಡಿ.

ಎರಡು ವರ್ಷ ಮುಚ್ಚಿಟ್ಟಿದ್ದ ಬ್ಯಾಗ್ ತೆಗೆದ್ರೆ ಒಳಗೆಲ್ಲ ಅಂಟು ಅಂಟು, ಬಿಳಿ ಹೊಟ್ಟು ಉದುರ್ತದ. ಯಾಕೆ?

ನೀರು ತಡೆಯಲೆಂದು ಬಟ್ಟೆಯ ಒಳಮೈಗೆ ಪಾಲಿಯುರೆಥೇನ್ ಲೇಪ ಹಚ್ಚಿರುತ್ತಾರೆ. ತೇವ ಮತ್ತು ಕಾವು ಸೇರಿದರೆ ಅದು ಒಡೆದು ಅಂಟಾಗುತ್ತದೆ, ಆಮೇಲೆ ಸುಲಿಯುತ್ತದೆ. ಒಮ್ಮೆ ಶುರುವಾದರೆ ಸರಿ ಮಾಡಲು ಆಗುವುದಿಲ್ಲ. ಹೊಟ್ಟನ್ನು ಉಜ್ಜಿ ತೆಗೆದು, ಒಳಗೆ ಪ್ಲಾಸ್ಟಿಕ್ ಚೀಲ ಹಾಕಿ ಬಳಸಬಹುದು. ಬ್ಯಾಗಿನ ಬಲಕ್ಕೆ ಧಕ್ಕೆ ಇಲ್ಲ.

ಬಾರದ ಹಾಗೆ ನೋಡಿಕೊಳ್ಳುವುದು ಸುಲಭ. ಟ್ರೆಕ್ ಮುಗಿಸಿ ಬಂದ ದಿನವೇ ಬ್ಯಾಗು ಖಾಲಿ ಮಾಡಿ. ಎಲ್ಲ ಜಿಪ್ಪು ತೆರೆದು, ತಲೆಕೆಳಗೆ ಮಾಡಿ ಧೂಳು ಕೊಡವಿ. ಸಂಡೂರು ಕಡೆಯ ಕೆಂಪು ಧೂಳು ಜಿಪ್ಪಿನ ಹಲ್ಲಿಗೆ ಕೂತು ಅರದ ಹಾಗೆ ಉಜ್ಜುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಸಲೀಸಾಗಲಿ ಎಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಧೂಳು ಇನ್ನಷ್ಟು ಅಂಟುತ್ತದೆ. ವಾಷಿಂಗ್ ಮೆಶಿನ್ ಬೇಡ. ತಣ್ಣೀರು, ಸ್ವಲ್ಪ ಮೆದು ಸೋಪು, ಪಟ್ಟಿಗಳ ಮೇಲಿನ ಬೆವರಿನ ಉಪ್ಪು ಹೋಗುವವರೆಗೆ ಕೈಯಲ್ಲಿ ಉಜ್ಜಿ. ಉಪ್ಪು ಉಳಿದರೆ ಇಲಿ ಕಡಿಯುತ್ತದೆ. ಮಾಳಿಗೆಯ ಬಿಸಿಲಲ್ಲಿ ಒಣಹಾಕಬೇಡಿ, ನಮ್ಮ ಬಿಸಿಲು ನೈಲಾನನ್ನು ತಿನ್ನುತ್ತದೆ. ನೆರಳಲ್ಲಿ ಎರಡು ದಿನ ತೂಗು ಹಾಕಿ. ಪೂರ್ತಿ ಒಣಗಿದ ಮೇಲೆ, ತಗಡಿನ ಚಾವಣಿ ಕೆಳಗಿನ ಅಟ್ಟ ಬಿಟ್ಟು, ಮನೆಯ ತಂಪಾದ ಕೋಣೆಯಲ್ಲಿ ಗೋಡೆಗೆ ನೇತು ಹಾಕಿಡಿ.